ವಯಸ್ಸಿನೊಂದಿಗೆ ಅಕ್ಷಿಪಟಲದಲ್ಲಿ ಉಂಟಾಗುವ ಬದಲಾವಣೆಗಳು ಮತ್ತು ದೃಷ್ಟಿ ಸಂರಕ್ಷಣೆ

ಹಿರಿಯರ ದೃಷ್ಟಿ ಮಂದವಾದಾಗ ಅದನ್ನು ಪೊರೆಯೆಂದೇ ಭಾವಿಸಿ, ಪೊರೆ ಬಲಿಯಲೆಂದು ತಿಂಗಳುಗಟ್ಟಲೆ ಕಾಯುವ ರೂಢಿ ನಮ್ಮಲ್ಲಿದೆ. ದೋಷವು ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿದ್ದರೆ ಈ ಕಾಯುವಿಕೆಯಿಂದ ಸರಿಪಡಿಸಲಾಗದ ನಷ್ಟವಾಗಬಹುದು. ಪೊರೆಯ ಶಸ್ತ್ರಚಿಕಿತ್ಸೆಯು ಈ ದೋಷವನ್ನು ನಿವಾರಿಸುವುದಿಲ್ಲ.

ಅಕ್ಷಿಪಟಲದ ನಡುವೆ ಸುಮಾರು 5 ಮಿಲಿಮೀಟರ್ ಅಗಲದ ಮ್ಯಾಕ್ಯುಲಾ ಎಂಬ ಭಾಗವಿದೆ. ಓದಲು, ಸೂಜಿಗೆ ದಾರ ಪೋಣಿಸಲು, ಎದುರಿಗಿರುವವರ ಮುಖ ಗುರುತಿಸಲು ಬೇಕಾದ ಸೂಕ್ಷ್ಮ ದೃಷ್ಟಿ ಇದರದು. 50 ವರ್ಷ ಮೀರಿದ ಕೆಲವರಲ್ಲಿ ಈ ಭಾಗವು ಕ್ಷೀಣಿಸತೊಡಗುತ್ತದೆ. ನೋವಿರುವುದಿಲ್ಲ, ಪಕ್ಕದ ದೃಷ್ಟಿಯೂ ಉಳಿದಿರುತ್ತದೆ. ಮನೆಯೊಳಗೆ ನಿರಾತಂಕವಾಗಿ ಓಡಾಡುವ ಹಿರಿಯರು "ಮುಖ ಕಾಣುತ್ತಿಲ್ಲ" ಎಂದರೆ ಮನೆಯವರು ನಂಬದಿರುವುದೂ ಉಂಟು. ನಂಬತಕ್ಕದ್ದು.

ಈ ಕಾಯಿಲೆಯಲ್ಲಿ ಒಣ ಮತ್ತು ತೇವ ಎಂಬ ಎರಡು ಬಗೆಗಳಿವೆ. ಹೆಚ್ಚಿನವರಲ್ಲಿ ಕಾಣುವ ಒಣ ಬಗೆಯು ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಮುಂದುವರಿಯುತ್ತದೆ. ತೇವ ಬಗೆಯಲ್ಲಿ ಅಕ್ಷಿಪಟಲದ ಕೆಳಗೆ ದುರ್ಬಲ ರಕ್ತನಾಳಗಳು ಹೊಸದಾಗಿ ಹುಟ್ಟಿ, ರಕ್ತ ಹಾಗೂ ದ್ರವ ಸೋರುತ್ತವೆ. ಕೆಲವೇ ದಿನ ಅಥವಾ ವಾರಗಳಲ್ಲಿ ದೃಷ್ಟಿ ಕುಸಿಯಬಹುದು. ಕಣ್ಣಿನೊಳಗೆ ನೀಡುವ ಚುಚ್ಚುಮದ್ದಿನಿಂದ ಸೋರಿಕೆಯನ್ನು ತಡೆಯಬಹುದಾಗಿದೆ. ಇದನ್ನು ಹಲವು ಬಾರಿ ಪಡೆಯಬೇಕಾಗುತ್ತದೆ, ನಡುವೆ ನಿಲ್ಲಿಸಬಾರದು. ಒಮ್ಮೆ ಗಾಯದ ಕಲೆ ಕಟ್ಟಿದ ಭಾಗದ ದೃಷ್ಟಿ ಮರಳುವುದಿಲ್ಲ.

ಮನೆಯಲ್ಲಿಯೇ ಪರೀಕ್ಷೆ: ಓದುವ ಕನ್ನಡಕ ಧರಿಸಿ, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಗೋಡೆಯ ಕ್ಯಾಲೆಂಡರಿನ ಮಧ್ಯದ ಒಂದು ಚೌಕವನ್ನೇ ದಿಟ್ಟಿಸುವುದು. ನಂತರ ಇನ್ನೊಂದು ಕಣ್ಣಿನಿಂದ ಹಾಗೆಯೇ ನೋಡುವುದು. ಗೆರೆಗಳು ಸೊಟ್ಟಗಾದಂತೆ, ಅಲೆಯಂತೆ ಅಥವಾ ನಡುವೆ ಕಪ್ಪು ಕಲೆಯಿದ್ದಂತೆ ಕಂಡಲ್ಲಿ ವಿಳಂಬವಿಲ್ಲದೆ ನೇತ್ರತಜ್ಞರನ್ನು ಕಾಣತಕ್ಕದ್ದು. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಇನ್ನೊಂದರ ದೋಷವನ್ನು ಮರೆಮಾಚುತ್ತದೆ. ಇದು ತಜ್ಞರ ತಪಾಸಣೆಗೆ ಬದಲಿಯಲ್ಲ.

ಬೀಡಿ, ಸಿಗರೇಟು ಸೇವನೆಯು ಈ ಕಾಯಿಲೆಯ ಅಪಾಯವನ್ನು ಹೆಚ್ಚಿಸುವ ಪ್ರಮುಖ ಕಾರಣ. ಅದನ್ನು ತ್ಯಜಿಸುವುದು ನಮ್ಮ ಕೈಯಲ್ಲಿದೆ. ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು, ಹರಿವೆ, ನುಗ್ಗೆ ಮುಂತಾದ ಸೊಪ್ಪುಗಳನ್ನು ಸೇವಿಸುವುದು ಹಿತಕರ. ಅಂಗಡಿಯಲ್ಲಿ ದೊರೆಯುವ "ಕಣ್ಣಿನ ವಿಟಮಿನ್" ಮಾತ್ರೆಗಳು ಎಲ್ಲರಿಗೂ ಅಗತ್ಯವಿಲ್ಲ. ನಿರ್ದಿಷ್ಟ ಪ್ರಮಾಣದ ವಿಟಮಿನ್ ಮತ್ತು ಸತುವಿನ ಮಾತ್ರೆಗಳು ಕಾಯಿಲೆಯ ಮಧ್ಯಮ ಹಂತದಲ್ಲಿರುವವರಿಗೆ ಪ್ರಯೋಜನಕಾರಿ. ಬೀಟಾ ಕ್ಯಾರೊಟಿನ್ ಇರುವ ಮಾತ್ರೆಗಳು ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತವೆ. ಮಧುಮೇಹದಿಂದ ಅಕ್ಷಿಪಟಲಕ್ಕಾಗುವ ಹಾನಿ ಬೇರೆಯದೇ ಆಗಿದ್ದು, ಮಧುಮೇಹಿಗಳು ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು.

ತಪಾಸಣೆಯ ವೇಳೆ ಪಾಪೆಯನ್ನು ಹಿಗ್ಗಿಸುವ ಔಷಧಿಯ ಹನಿ ಹಾಕುವುದರಿಂದ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ; ಜೊತೆಗೊಬ್ಬರನ್ನು ಕರೆತರುವುದು.

ಚಿಕಿತ್ಸೆಯ ನಂತರವೂ ದೃಷ್ಟಿದೋಷ ಉಳಿದವರು ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಅನ್ವಯ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬಹುದು. ಕನ್ನಡಕ ಧರಿಸಿದ ಮೇಲೆ ಎರಡೂ ಕಣ್ಣುಗಳಲ್ಲಿ ಉಳಿಯುವ ದೃಷ್ಟಿಯನ್ನು ಅಳೆದು ಶೇಕಡಾವಾರು ಪ್ರಮಾಣವನ್ನು ನಿಗದಿಪಡಿಸಲಾಗುತ್ತದೆ. ಆದ್ದರಿಂದ ಬಳಸುತ್ತಿರುವ ಕನ್ನಡಕ ಮತ್ತು ಹಿಂದಿನ ಚಿಕಿತ್ಸಾ ದಾಖಲೆಗಳನ್ನು ತಪ್ಪದೆ ತರುವುದು.