ನೋವಿಲ್ಲದೆ ಸಡಿಲವಾಗುವ ಹಲ್ಲು

ವಸಡಿನ ರೋಗ ಶುರುವಾಗುವುದು ಹಲ್ಲೂ ವಸಡೂ ಕೂಡುವ ಗೆರೆಯಲ್ಲಿ. ಗಟ್ಟಿಮುಟ್ಟಾದ ಬಾಯಲ್ಲೂ ಅಲ್ಲಿ ಒಂದರಿಂದ ಮೂರು ಮಿಲಿಮೀಟರ್ ಆಳದ ಸಂದು ಇರುತ್ತದೆ. ಜೊಲ್ಲಿನ ಅಂಶ, ಊಟದ ಶೇಷ, ಬಾಯಲ್ಲಿ ಸದಾ ನೆಲೆಸಿರುವ ಬ್ಯಾಕ್ಟೀರಿಯಾ ಸೇರಿ ಆ ಗೆರೆಯುದ್ದಕ್ಕೂ ಜಿಗುಟಾದ ತೆಳು ಪೊರೆ ಕಟ್ಟುತ್ತದೆ. ದಂತವೈದ್ಯರು ಇದಕ್ಕೆ ಪ್ಲಾಕ್ ಎನ್ನುತ್ತಾರೆ. ಎಷ್ಟು ಮುಕ್ಕಳಿಸಿದರೂ ಇದು ಬಿಡುವುದಿಲ್ಲ, ಉಜ್ಜಿಯೇ ತೆಗೆಯಬೇಕು. ಕೆಲವು ದಿನ ಹಾಗೇ ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದಂಶ ಹಿಡಿದು ಟಾರ್ಟರ್ ಆಗಿ ಗಟ್ಟಿಯಾಗುತ್ತದೆ. ಕೆಳದವಡೆಯ ಮುಂದಿನ ಹಲ್ಲುಗಳ ಒಳಮೈಗೆ ನಾಲಿಗೆ ತಾಗಿಸಿದಾಗ ಒರಟೊರಟಾಗಿ ಸಿಗುವುದು ಬಹುಪಾಲು ಇದೇ. ಅದರ ಮೇಲೆ ಬ್ರಷ್ಷಿನ ಆಟ ನಡೆಯದು.

ಪ್ಲಾಕ್‌ನಿಂದಲೇ ವಸಡು ಕೆಡುತ್ತದೆ ಎಂಬುದು ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ನಡೆಸಿ 1965ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಖಚಿತವಾಯಿತು. ವಸಡು ಚೆನ್ನಾಗಿದ್ದ 12 ಮಂದಿ ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಿದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಅಷ್ಟೂ ಜನರ ವಸಡು ಕೆಂಪಾಗಿ ಊದಿತು. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ವಾರ, ಹತ್ತು ದಿನದಲ್ಲಿ ವಾಸಿಯಾಯಿತು. ಈ ಮೊದಲ ಹಂತಕ್ಕೆ ಔಷಧವೂ ಬೇಡ, ಹಣವೂ ಬೇಡ, ದಿನದ ಶುಚಿ ಸಾಕು ಎಂಬುದು ಅದರಿಂದ ತಿಳಿದ ದೊಡ್ಡ ಸಂಗತಿ.

ಎರಡನೆಯ ಹಂತಕ್ಕೆ ಆ ಭಾಗ್ಯವಿಲ್ಲ. ಊತ ಒಳಗಿಳಿದು ಹಲ್ಲಿನ ಬೇರನ್ನು ಹಿಡಿದಿರುವ ನಾರು, ಮೂಳೆ ಕರಗತೊಡಗುತ್ತವೆ. ಸಂದು ಆಳವಾಗುತ್ತದೆ, ಹಲ್ಲು ಉದ್ದವಾದಂತೆ ಕಾಣುತ್ತದೆ, ಬಾಯಿ ವಾಸನೆ ಬರುತ್ತದೆ, ಕೊನೆಗೆ ಹಲ್ಲು ಅಲುಗಾಡುತ್ತದೆ. ಕರಗಿದ ಮೂಳೆ ತಾನಾಗಿ ಮರಳಿ ಬೆಳೆಯುವುದಿಲ್ಲ. ಹುಳುಕು ಹಲ್ಲು ರಾತ್ರಿಯಿಡೀ ನಿದ್ದೆಗೆಡಿಸಿ ಆಸ್ಪತ್ರೆಗೆ ಎಳೆದೊಯ್ಯುತ್ತದೆ. ವಸಡಿನ ರೋಗ ವರ್ಷಗಟ್ಟಲೆ ನೋವೇ ಕೊಡದೆ ಇರಬಲ್ಲದು. ಹಾಗಾಗಿ ಉಗುಳಿದ ನೊರೆಯಲ್ಲಿ ಕಾಣುವ ಒಂದೆಳೆ ರಕ್ತವೇ ಬಹುಮಂದಿಗೆ ಸಿಗುವ ಮೊದಲ ಸೂಚನೆ. ರಕ್ತ ಬಂದ ಕಡೆ ಬ್ರಷ್ ತಾಗಿಸದೆ ಬಿಡುವುದು ಜನರ ರೂಢಿ. ಆಗಬೇಕಾದ್ದು ಇದರ ತದ್ವಿರುದ್ಧ: ಅಲ್ಲೇ ಮೃದುವಾಗಿ, ಇನ್ನಷ್ಟು ಗಮನ ಕೊಟ್ಟು ಉಜ್ಜಬೇಕು.

ಪೆನುಕೊಂಡ, ಹಿಂದೂಪುರ, ಕಲ್ಯಾಣದುರ್ಗದ ಸೀಮೆಯಲ್ಲಿ ಹಲ್ಲುಜ್ಜುವ ಮಾತಿಗೆ ಇನ್ನೊಂದು ತೊಡಕು ಸೇರುತ್ತದೆ. ಹಳೆಯ ಅನಂತಪುರ ಜಿಲ್ಲೆಯ ಅನೇಕ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬ ಮಿತಿಯನ್ನು ದಾಟಿದ ನೀರು ಕುಡಿದು ಬೆಳೆಯುವ ಮಕ್ಕಳ ಶಾಶ್ವತ ಹಲ್ಲುಗಳಲ್ಲಿ ಬಿಳಿ ಮಚ್ಚೆ, ಕಂದು ಪಟ್ಟೆ ಮೂಡುತ್ತವೆ. ಈ ಕಲೆ ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಎನಾಮಲ್‌ನಲ್ಲಿ ಬೆರೆತದ್ದು, ಕೊಳೆಯಲ್ಲ. ಇದ್ದಿಲು, ಇಟ್ಟಿಗೆ ಪುಡಿ, ಮರಳುಪ್ಪು ಹಾಕಿ ತಿಕ್ಕಿದರೆ ಹೋಗುವುದು ಕಲೆಯಲ್ಲ, ಎನಾಮಲ್ ಮತ್ತು ವಸಡು. ವಸಡು ಹಿಂದೆ ಸರಿದು ಬೇರು ಬಯಲಾದರೆ ತಣ್ಣೀರು ಕುಡಿದರೂ ಜುಮ್ಮೆನ್ನುತ್ತದೆ. ಟಾರ್ಟರಿನ ಕಂದು ವಸಡಿನ ಅಂಚಿಗೆ ಅಂಟಿ ಉಬ್ಬಿರುತ್ತದೆ, ಫ್ಲೋರೈಡಿನ ಕಂದು ಹಲ್ಲಿನ ನಡುಮೈಯಲ್ಲಿ ಹರಡಿರುತ್ತದೆ. ಹುಟ್ಟಿದ ಊರಿನ ನೀರು ಕೊಟ್ಟ ಕಲೆಗೆ ನಾಚಿ ವಸಡನ್ನು ಬಲಿ ಕೊಡುವ ಅಗತ್ಯ ಯಾರಿಗೂ ಇಲ್ಲ.

ಇಲ್ಲಿನ ಹೊಲದ ಬದುಗಳಲ್ಲಿ ಬೇವಿಗೂ ಹೊಂಗೆಗೂ ಬರವಿಲ್ಲ, ಎರಡರ ಕಡ್ಡಿಯಿಂದಲೂ ಹಲ್ಲುಜ್ಜುವುದು ಹಳೆಯ ವಾಡಿಕೆ. ವಾಗ್ಭಟನ ಅಷ್ಟಾಂಗಹೃದಯ ಹಲ್ಲುಜ್ಜಲು ಹೇಳುವ ಮರಗಳಲ್ಲಿ ಹೊಂಗೆಯೂ ಒಂದು. ಕಡ್ಡಿ ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನ ತುದಿಯಷ್ಟು ದಪ್ಪ ಇರಬೇಕು, ತುದಿ ಮೆತ್ತಗಿರಬೇಕು, ಬೆಳಿಗ್ಗೆಯೂ ಊಟವಾದ ಮೇಲೂ ಉಜ್ಜಬೇಕು, ವಸಡಿಗೆ ನೋವಾಗಬಾರದು ಎಂದು ಆ ಗ್ರಂಥ ವಿಧಿಸುತ್ತದೆ. ವಸಡಿಗೆ ನೋವಾಗದಂತೆ ಮೆತ್ತಗೆ ಉಜ್ಜಬೇಕೆಂದು ಇಂದಿನ ದಂತವೈದ್ಯರೂ ಹೇಳುತ್ತಾರೆ. ಕಡ್ಡಿಯ ದೋಷ ಇರುವುದು ಬೇರೆ ಕಡೆ. ಚೆನ್ನಾಗಿ ಜಗಿದು ಕುಂಚ ಮಾಡದಿದ್ದರೆ ವಸಡನ್ನು ಗೀರುತ್ತದೆ, ಹಿಂದಿನ ದವಡೆ ಹಲ್ಲಿನ ಒಳಮೈಗೆ ಸುಲಭವಾಗಿ ತಲುಪುವುದಿಲ್ಲ. ಕಡ್ಡಿ ಬಿಡಲು ಮನಸ್ಸಿಲ್ಲದವರು ಬೆಳಿಗ್ಗೆ ಅದನ್ನೇ ಬಳಸಿ, ರಾತ್ರಿ ಬ್ರಷ್ ಹಿಡಿಯುವುದು ಒಳ್ಳೆಯ ಏರ್ಪಾಡು.

ರಾತ್ರಿಯ ಉಜ್ಜುವಿಕೆಯನ್ನಂತೂ ತಪ್ಪಿಸಬಾರದು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಬಾಯಿ ತನ್ನನ್ನು ತಾನು ತೊಳೆದುಕೊಳ್ಳುವುದು ನಿಲ್ಲುತ್ತದೆ. ಸಂಜೆ ತಿಂದ ಹುರಿದ ಕಡಲೇಕಾಯಿಯ ಚೂರು, ಬೆಲ್ಲದ ಮಿಠಾಯಿಯ ಅಂಟು ಬೆಳಗಿನವರೆಗೂ ಹಲ್ಲಿನ ಸಂದಿನಲ್ಲೇ ಉಳಿಯುತ್ತವೆ.

ಬ್ರಷ್ ಮೃದುವಾದದ್ದೇ ಆಗಬೇಕು. ಎಳೆಗಳು ಅರ್ಧ ಹಲ್ಲಿನ ಮೇಲೆ, ಅರ್ಧ ವಸಡಿನ ಮೇಲೆ ಓರೆಯಾಗಿ, ಸುಮಾರು 45 ಡಿಗ್ರಿ ಕೋನದಲ್ಲಿ ಕೂರಬೇಕು. ಅಲ್ಲೇ ಸಣ್ಣಗೆ ಅಲುಗಿಸಿ, ಬಳಿಕ ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಎಳೆಯಬೇಕು. ಎರಡೆರಡು ಹಲ್ಲಿನಂತೆ ಮುಂದೆ ಸಾಗಿ, ಹೊರಮೈ ಮುಗಿದ ಮೇಲೆ ಒಳಮೈ, ಆಮೇಲೆ ಅಗಿಯುವ ಮೈ. ಇಷ್ಟಕ್ಕೆ ಎರಡು ನಿಮಿಷ ಹಿಡಿಯುತ್ತದೆ. ಗರಗಸದಂತೆ ಅಡ್ಡಡ್ಡ ಎಳೆದರೆ ಗೆರೆಯ ಪ್ಲಾಕ್ ಅಲ್ಲೇ ಉಳಿದು ವಸಡು ಮಾತ್ರ ಸವೆಯುತ್ತದೆ. ಮೂರು ತಿಂಗಳಿಗೊಮ್ಮೆ, ಎಳೆ ಬಾಗಿದರೆ ಅದಕ್ಕೂ ಮೊದಲೇ, ಹೊಸ ಬ್ರಷ್ ತರಬೇಕು. ಎರಡು ಹಲ್ಲಿನ ನಡುವಿನ ಜಾಗಕ್ಕೆ ಯಾವ ಬ್ರಷ್ಷೂ ಪೂರ್ತಿ ಹೋಗದು. ಅಲ್ಲಿಗೆ ಫ್ಲಾಸ್ ದಾರ, ಸಂದು ಅಗಲವಾಗಿದ್ದರೆ ಪುಟ್ಟ ಸಂದಿನ ಬ್ರಷ್ ಬೇಕು. ಪಿನ್ನು, ಬೆಂಕಿಕಡ್ಡಿ ತೂರಿಸುವುದು ಗಾಯಕ್ಕೆ ದಾರಿ.

ಹೊಗೆಸೊಪ್ಪು, ಗುಟ್ಕಾ, ಬೀಡಿ ಇದ್ದಲ್ಲಿ ಎಷ್ಟು ಉಜ್ಜಿದರೂ ವಸಡು ಉಳಿಸಿಕೊಳ್ಳುವುದು ಕಷ್ಟ. ಬೀಡಿ ಸಿಗರೇಟು ಸೇದುವವರ ವಸಡಿನಲ್ಲಿ ರಕ್ತ ಅಷ್ಟಾಗಿ ಬಾರದಿರುವುದರಿಂದ ರೋಗ ಬಲಿತರೂ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಈ ರೋಗ ಬೇಗ ಹತ್ತುತ್ತದೆ. ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದೂ ತಡವಾಗುತ್ತದೆ. ಬಸುರಿಯರ ವಸಡು ಹಾರ್ಮೋನಿನ ಏರಿಳಿತದಿಂದ ಸುಲಭವಾಗಿ ಊದಿಕೊಳ್ಳುತ್ತದೆ. ಆ ತಿಂಗಳುಗಳಲ್ಲಿ ಉಜ್ಜುವುದನ್ನು ಬಿಡುವ ಮಾತೇ ಇಲ್ಲ.

ಕಟ್ಟಿಕೊಂಡ ಟಾರ್ಟರನ್ನು ದಂತವೈದ್ಯರೇ ತೆಗೆಯಬೇಕು, ಇದಕ್ಕೆ ಸ್ಕೇಲಿಂಗ್ ಎನ್ನುತ್ತಾರೆ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯದಿಂದ ಹಿಂದೆಗೆಯುವವರು ಬಹಳ. ಮೂಳೆ ಆಗಲೇ ಕರಗಿದ್ದ ಹಲ್ಲನ್ನು ಪಕ್ಕದ ಹಲ್ಲಿಗೆ ಕಚ್ಚಿ ಹಿಡಿದಿದ್ದ ಗಟ್ಟಿ ಟಾರ್ಟರ್ ಹೋದಾಗ ಅದರ ಅಲುಗಾಟ ಬಯಲಾಗುತ್ತದೆ, ಊತ ಇಳಿದು ಸಂದು ಕಾಣುತ್ತದೆ. ಸಡಿಲ ಮಾಡಿದ್ದು ರೋಗ, ತೋರಿಸಿದ್ದು ಚಿಕಿತ್ಸೆ. ಸ್ಕೇಲಿಂಗ್ ಆದ ಮೇಲೆ ಕೆಲವು ದಿನ ಜುಮ್ಮೆನ್ನುವುದು ಸಹಜ. ರೋಗ ಆಳಕ್ಕಿಳಿದಿದ್ದರೆ ಬೇರಿನ ಮೈಯನ್ನೂ ಶುಚಿಮಾಡಬೇಕಾಗುತ್ತದೆ, ಅಂಥವರು ಮೂರ್ನಾಲ್ಕು ತಿಂಗಳಿಗೊಮ್ಮೆ ತೋರಿಸಿಕೊಳ್ಳುವುದು ಲೇಸು. ಉಳಿದವರಿಗೆ ಆರು ತಿಂಗಳಿಗೋ ವರ್ಷಕ್ಕೋ ಒಂದು ಸಲ ಸಾಕು. ಎರಡು ವಾರ ಸರಿಯಾಗಿ ಉಜ್ಜಿದರೂ ರಕ್ತ ನಿಲ್ಲದಿದ್ದರೆ, ವಸಡಿನಿಂದ ಕೀವು ಬಂದರೆ, ಹಲ್ಲು ಅಲುಗಾಡಿದರೆ ಆ ಗಡುವಿಗೆ ಕಾಯದೆ ಹೋಗಬೇಕು.