ವಿಷಕ್ಕೂ ಒಂದು ವಂಶಾವಳಿ

ಮಳೆಗಾಲ ಬಂತೆಂದರೆ ಕುಬಿಹಾಳದಂಥ ಎರೆಹೊಲದ ಊರುಗಳಿಂದ ಹಾವು ಕಡಿದವರನ್ನು ದವಾಖಾನೆಗೆ ಕರೆತರುತ್ತಾರೆ. "ಡಾಕ್ಟರ ಸಾಹೇಬ್ರ, ಯಾವ ಹಾವಾದರೇನ್ರಿ, ವಿಷ ಅಂದ್ರ ವಿಷ ಅಲ್ರೀ?" ಎಂದು ರೋಗಿಯ ಅಣ್ಣನೊಬ್ಬ ಕೇಳಿದ. ಅಲ್ಲ.

ನಮ್ಮಲ್ಲಿ ಹೆಚ್ಚು ಜೀವ ತೆಗೆಯುವವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಮೊದಲೆರಡು ಒಂದು ಕುಲ, ಉಳಿದೆರಡು ಇನ್ನೊಂದು. ಕೋಟ್ಯಂತರ ವರ್ಷಗಳ ಹಿಂದೆಯೇ ಬೇರೆಯಾದವು. ನಿಮಗೆ ಆಶ್ಚರ್ಯವಾದೀತು, ನಾಗರಕ್ಕೆ ಮಂಡಲಕ್ಕಿಂತ ವಿಷವಿಲ್ಲದ ಕೇರೆಯೇ ಹತ್ತಿರದ ಸಂಬಂಧಿ!

ವಿಷ ಎಲ್ಲಿಂದಲೋ ಬಂದದ್ದಲ್ಲ. ದೇಹದ ದಿನನಿತ್ಯದ ಕೆಲಸಕ್ಕಿದ್ದ ಪ್ರೋಟೀನುಗಳ ಜೀನ್‌ಗಳು ನಕಲಾಗಿ, ಹೆಚ್ಚುವರಿ ನಕಲು ಬದಲಾಗುತ್ತ ಬಂದು ಬೇಟೆಯ ಆಯುಧವಾಯಿತು. ನಮ್ಮ ಮೇದೋಜೀರಕ ಗ್ರಂಥಿ ಕೊಬ್ಬು ಜೀರ್ಣಿಸಲು ಸುರಿಸುವ ಫಾಸ್ಫೋಲೈಪೇಸ್ ಕಿಣ್ವದ ದಾಯಾದಿಯೇ ನಾಗರ, ಕಟ್ಟುಹಾವುಗಳ ವಿಷದಲ್ಲಿದೆ.

ಕೊಳಕುಮಂಡಲದ ವಿಷ ನಮ್ಮ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಕೆರಳಿಸಿ ಖರ್ಚುಮಾಡಿಬಿಡುತ್ತದೆ. ಆಮೇಲೆ ವಸಡಿನಲ್ಲಿ, ಮೂತ್ರದಲ್ಲಿ ರಕ್ತ, ಮೂತ್ರಪಿಂಡಕ್ಕೂ ಪೆಟ್ಟು. ಗಾಜಿನ ಕೊಳವೆಯಲ್ಲಿ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡುತ್ತೇವೆ. ಹೆಪ್ಪುಗಟ್ಟದಿದ್ದರೆ ವಿಷ ಏರಿದೆಯೆಂದೇ ಅರ್ಥ. ಇದೇ ವಿಷವನ್ನು 1934ರಲ್ಲಿ ಇಂಗ್ಲೆಂಡಿನ ವೈದ್ಯರು ಕುಸುಮರೋಗಿಗಳ ರಕ್ತ ನಿಲ್ಲಿಸಲು ಮೇಲುಮೇಲೆ ಹಚ್ಚಿದ್ದರು.

ಒಂದೇ ಕುಲದವರಲ್ಲೂ ಗುಣ ಬೇರೆ. ನಾಗರದ ವಿಷ ಸ್ನಾಯುವಿನ ಮೇಲೆ ನರದ ಸಂದೇಶ ಸೇರುವ ಜಾಗಕ್ಕೆ ಅಡ್ಡ ಕೂರುತ್ತದೆ. ಕಟ್ಟುಹಾವಿನದು ನರದ ತುದಿಯನ್ನೇ ಹಾಳುಮಾಡುತ್ತದೆ. ಅದು ಮತ್ತೆ ಬೆಳೆಯುವವರೆಗೆ, ಕೆಲವೊಮ್ಮೆ ದಿನಗಟ್ಟಲೆ, ಉಸಿರಾಟದ ಯಂತ್ರ ಬೇಕು. ನೆಲದ ಮೇಲೆ ಮಲಗಿದವರನ್ನು ಅದು ರಾತ್ರಿ ಕಡಿಯುತ್ತದೆ, ನೋವಿಲ್ಲ, ಬಾವಿಲ್ಲ. ಬೆಳಗ್ಗೆ ಹೊಟ್ಟೆನೋವೆಂದ ಹುಡುಗನೊಬ್ಬನಿಗೆ ಮನೆಯವರು ಅಜವಾನದ ನೀರು ಕುಡಿಸುತ್ತ ಕೂತಿದ್ದರು. ನನ್ನ ಬಳಿ ತಂದಾಗ ರೆಪ್ಪೆ ಎತ್ತಲಾಗುತ್ತಿರಲಿಲ್ಲ. ಹುಬ್ಬಳ್ಳಿಗೆ ಸಾಗಿಸಿದೆವು, ಪುಣ್ಯಕ್ಕೆ ಬದುಕಿದ.

ನಾಲ್ಕಕ್ಕೂ ಒಂದೇ ಪ್ರತಿವಿಷ. ನಾಲ್ಕೂ ವಿಷಗಳನ್ನು ಕುದುರೆಗೆ ಚುಚ್ಚಿ ತಯಾರಿಸಿದ್ದು. ಆದ್ದರಿಂದ ಹಾವನ್ನು ಕೊಂದು ತರುವ ಸಾಹಸ ಬೇಡ. ಈ ವಿಷ ಬಹುಪಾಲು ತಮಿಳುನಾಡಿನ ಹಾವುಗಳದು. ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬದಲಾಗುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಹೀಗಾಗಿ ಪ್ರತಿವಿಷ ಎಲ್ಲ ಕಡೆ ಒಂದೇ ಸಮ ನಾಟುವುದಿಲ್ಲ. ಆದರೂ ಬೇರೆ ಮದ್ದಿಲ್ಲ. ಹಗ್ಗ ಬಿಗಿಯುವುದು, ಕೊಯ್ಯುವುದು, ಹೀರುವುದು ಬೇಡ. ಕಡಿದ ಕೈಕಾಲನ್ನು ಅಲುಗಿಸದೆ, ಮಂತ್ರ ಹಾಕಿಸಲು ನಿಲ್ಲದೆ ಬನ್ನಿ.

2024ರಿಂದ ಕರ್ನಾಟಕದಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಮಂತ್ರದವನ ಮನೆಯಲ್ಲೇ ಉಳಿದುಹೋದವರು ಆ ಲೆಕ್ಕಕ್ಕೆ ಸಿಗುವುದಿಲ್ಲ.