'ಟು' ಹಾಕೋದಾ, 'ಇಂಗ್' ಹಾಕೋದಾ? ಇಂಗ್ಲಿಷ್ ಅರ್ಜಿ ಬರೆಯುವಾಗ ಎಡವುವುದು ಇಲ್ಲೇ

ಶಿವಮೊಗ್ಗ: ಆಲ್ಕೊಳದ ಹುಡುಗನೊಬ್ಬ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಗೆ ಅರ್ಜಿ ಹಾಕುತ್ತಾನೆ ಅಂದುಕೊಳ್ಳಿ. 'ಐ ಹ್ಯಾವ್ ಎಕ್ಸ್‌ಪೀರಿಯನ್ಸ್ ಟು ಆಪರೇಟ್ ಮಷಿನ್ಸ್' ಎಂದು ಬರೆಯುತ್ತಾನೆ. ವರ್ಷಗಟ್ಟಲೆ ಮಷಿನ್ ಮುಂದೆ ನಿಂತ ಅನುಭವ ಸುಳ್ಳಲ್ಲ. ತಪ್ಪಿರುವುದು ಆ 'ಟು'ನಲ್ಲಿ. 'ಎಕ್ಸ್‌ಪೀರಿಯನ್ಸ್ ಇನ್ ಆಪರೇಟಿಂಗ್ ಮಷಿನ್ಸ್' ಅನ್ನಬೇಕಿತ್ತು. ರಾಶಿ ಅರ್ಜಿ ಬಂದ ಕಡೆ ಮೊದಲ ಸಾಲು ನೋಡಿಯೇ ಪಕ್ಕಕ್ಕಿಡುವವರೂ ಇರ್ತಾರೆ.

ಇದು ದಡ್ಡತನ ಅಲ್ಲ, ಕನ್ನಡದ ಅಭ್ಯಾಸಬಲ. ಕನ್ನಡದಲ್ಲಿ 'ಅಂಗಡಿ ತೆರೆಯಲು ಅನುಮತಿ', 'ಅಂಗಡಿ ತೆರೆಯುವ ಅನುಮತಿ', 'ಅಂಗಡಿ ತೆಗಿಯಕ್ಕೆ ಪರ್ಮಿಷನ್' ಎಲ್ಲವೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ಅಷ್ಟು ಸಲೀಸಿಲ್ಲ. ಮುಂದೆ 'ಟು' ಬರಬೇಕಾ, 'ಇಂಗ್' ಬರಬೇಕಾ ಎಂದು ಹೇಳುವುದು ಹಿಂದಿರುವ ನಾಮಪದ. 'ಟು ಓಪನ್' ರೂಪಕ್ಕೆ ಇನ್ಫಿನಿಟಿವ್, 'ಓಪನಿಂಗ್' ರೂಪಕ್ಕೆ ಜೆರಂಡ್ ಅಂತಾರೆ. ಹೆಸರು ಮರೆತರೂ ನಷ್ಟವಿಲ್ಲ.

ಪರ್ಮಿಷನ್, ಪ್ಲಾನ್, ಡಿಸಿಷನ್, ಪ್ರಾಮಿಸ್, ಅಟೆಂಪ್ಟ್, ಎಬಿಲಿಟಿ ಇವುಗಳ ಜೊತೆ 'ಟು' ಹಾಕಬೇಕು. 'ಪರ್ಮಿಷನ್ ಟು ಓಪನ್ ಎ ಶಾಪ್', 'ಡಿಸಿಷನ್ ಟು ಕ್ಲೋಸ್ ದ ರೋಡ್'. ಹೆಚ್ಚಿನವು ಮುಂದೆ ಆಗಬೇಕಾದ ಕೆಲಸದ ಕಡೆ ಬೆರಳು ತೋರಿಸುವ ಪದಗಳು.

ಹ್ಯಾಬಿಟ್, ರಿಸ್ಕ್, ಐಡಿಯಾ ಆದರೆ 'ಆಫ್' ಸೇರಿಸಿ 'ಇಂಗ್'. 'ಹ್ಯಾಬಿಟ್ ಆಫ್ ಸ್ಮೋಕಿಂಗ್'. ಇಲ್ಲಿ ಕನ್ನಡವೇ ಸಹಾಯಕ್ಕೆ ಬರುತ್ತದೆ. 'ಸಿಗರೇಟು ಸೇದುವ ಅಭ್ಯಾಸ' ಅಂತೀವೇ ಹೊರತು 'ಸೇದಲು ಅಭ್ಯಾಸ' ಅನ್ನಲ್ಲ. 'ಅಲು' ಒಪ್ಪದ ಕಡೆ 'ಟು' ಕೂಡ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಆದರೆ ಈ ಉಪಾಯ ಎರಡು ಪದಗಳಲ್ಲಿ ಕೈಕೊಡುತ್ತದೆ, ಹೆಚ್ಚು ಬಳಕೆಯಾಗುವುದೂ ಅವೇ. 'ಕಂತು ಕಟ್ಟಲು ತೊಂದರೆ', 'ಕಲಿಯಲು ಆಸಕ್ತಿ' ಕನ್ನಡದಲ್ಲಿ ಸರಿ. ಹಾಗಂತ ಸಾಲ ಮಾಡಿದ ಅಂಗಡಿಯವರು ಬ್ಯಾಂಕಿಗೆ 'ಡಿಫಿಕಲ್ಟಿ ಟು ಪೇ' ಎಂದು ಬರೆದರೆ ತಪ್ಪು. 'ಡಿಫಿಕಲ್ಟಿ ಇನ್ ಪೇಯಿಂಗ್', 'ಇಂಟರೆಸ್ಟ್ ಇನ್ ಲರ್ನಿಂಗ್' ಆಗಬೇಕು. ಇವೆರಡನ್ನು ಬಾಯಿಪಾಠ ಮಾಡಿಕೊಳ್ಳದೆ ಬೇರೆ ದಾರಿಯಿಲ್ಲ.

'ಚಾನ್ಸ್' ಇನ್ನೊಂದು ಥರ. ಅದರ ಜೊತೆ ಎರಡೂ ಬರುತ್ತವೆ, ಅರ್ಥ ಮಾತ್ರ ಬೇರೆ. 'ಚಾನ್ಸ್ ಟು ವಿನ್' ಅಂದರೆ ಗೆಲ್ಲಲು ಸಿಕ್ಕ ಅವಕಾಶ. 'ಚಾನ್ಸ್ ಆಫ್ ವಿನ್ನಿಂಗ್' ಅಂದರೆ ಗೆಲ್ಲುವ ಸಾಧ್ಯತೆ. ನೆಹರೂ ಕ್ರೀಡಾಂಗಣದಲ್ಲಿ ಆಡುವ ಟೀಮಿಗೆ ಮೊದಲನೆಯದು ಇದ್ದು ಎರಡನೆಯದು ಇಲ್ಲದಿರಬಹುದು! 'ಇಂಟೆನ್ಷನ್' ಜೊತೆಗೂ 'ಟು' ಮತ್ತು 'ಆಫ್' ಸೇರಿದ 'ಇಂಗ್' ಎರಡೂ ನಡೆಯುತ್ತವೆ, ಅಲ್ಲಿ ಅರ್ಥದಲ್ಲಿ ದೊಡ್ಡ ವ್ಯತ್ಯಾಸವೇನೂ ಇಲ್ಲ.

ಅಂದಹಾಗೆ, ಪಾಲಿಕೆಗೋ ತಾಲ್ಲೂಕು ಕಚೇರಿಗೋ ಕೊಡುವ ಅರ್ಜಿಗೆ ಈ ತಲೆಬಿಸಿ ಯಾಕೆ? 1963ರ ಕಾಯ್ದೆಯಂತೆ ರಾಜ್ಯದ ಆಡಳಿತ ಭಾಷೆ ಕನ್ನಡ. ಅಲ್ಲಿಗೆ ಕನ್ನಡದಲ್ಲೇ ಬರೆದುಕೊಡಿ. ಇಂಗ್ಲಿಷಿನ ಕಷ್ಟ ಖಾಸಗಿ ಕಂಪನಿ, ಹೊರರಾಜ್ಯದ ಡೀಲರ್, ಬ್ಯಾಂಕಿನ ಮೇಲಧಿಕಾರಿಗಳಿಗೆ ಹೋಗುವ ಮೇಲ್‌ಗಳಿಗೆ ಮಾತ್ರ ಇರಲಿ.

ಇನ್ನು ಎನ್‌ಒಸಿ. ಬಾಡಿಗೆ ಮಳಿಗೆಯಲ್ಲಿ ವ್ಯಾಪಾರ ಶುರು ಮಾಡುವವರಿಗೆ ಕಟ್ಟಡದ ಮಾಲೀಕರು ಕೊಡುವ ಚೀಟಿ ಇದು. 'ಐ ಹ್ಯಾವ್ ನೋ ಅಬ್ಜೆಕ್ಷನ್ ಟು ರನ್ ದ ಶಾಪ್' ಎಂದು ಟೈಪ್ ಮಾಡಿಸುವುದುಂಟು. ಇಲ್ಲಿ 'ಟು' ಕಂಡ ತಕ್ಷಣ ಮೋಸ ಹೋಗಬಾರದು. ಇದು ಪರ್ಮಿಷನ್ ಜೊತೆ ಬರುವ 'ಟು' ಅಲ್ಲ, 'ಅದಕ್ಕೆ ಆಕ್ಷೇಪ' ಅನ್ನುವಾಗಿನ 'ಕ್ಕೆ'. ಇದರ ಮುಂದೆ 'ಇಂಗ್' ಬರಬೇಕು. ಜೊತೆಗೆ ಅಂಗಡಿ ನಡೆಸುವವರು ಯಾರು ಅನ್ನುವುದೂ ಇರಬೇಕು, ಇಲ್ಲದಿದ್ದರೆ ಮಾಲೀಕರೇ ಅಂಗಡಿ ನಡೆಸಲು ಒಪ್ಪಿದ ಹಾಗೆ ಓದಿಸಿಕೊಳ್ಳುತ್ತದೆ. ಸರಿಯಾದ ಸಾಲು: 'ಐ ಹ್ಯಾವ್ ನೋ ಅಬ್ಜೆಕ್ಷನ್ ಟು ದ ಟೆನೆಂಟ್ ರನ್ನಿಂಗ್ ಎ ಶಾಪ್ ಇನ್ ದಿಸ್ ಬಿಲ್ಡಿಂಗ್.' ಸಹಿ ಹಾಕಿಸುವ ಮೊದಲು ಆ ಒಂದು ಸಾಲು ನೋಡಿಕೊಳ್ಳಿ.